ಐದು ಸಹಿಯ ಹೋಳಿಗೆ

ಗದಗಿನ ನಮ್ಮ ಕಚೇರಿಯಲ್ಲಿ ಕರಡು ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಇದನ್ನು ಬೇರೆ ಯಾರೂ ಹೇಳಿಲ್ಲ, ನಾನೇ ಹೇಳುತ್ತಿದ್ದೇನೆ. ನಮ್ಮಪ್ಪ ಬೆಟಗೇರಿಯಲ್ಲಿ ಕೈಮಗ್ಗದ ಮುಂದೆ ಕೂತು ಒಂದೆಳೆಯೂ ತಪ್ಪದಂತೆ ಸೀರೆ ನೇಯುತ್ತಿದ್ದರು. ನಾನು ಅದೇ ಶ್ರದ್ಧೆಯಿಂದ 'ತಕ್ಕದ್ದು', 'ತಕ್ಕದ್ದಲ್ಲ'ಗಳನ್ನು ನೇಯುತ್ತೇನೆ. ಆದ್ದರಿಂದ ಆಹಾರ ಸುರಕ್ಷತೆಗಾಗಿ ಐದು ಇಲಾಖೆಗಳನ್ನು ಒಂದುಗೂಡಿಸುವ ಕೆಲಸ ಬಂದಾಗ ನಮ್ಮ ಮೇಡಂ ನನ್ನನ್ನೇ ಕರೆದದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಸಮಸ್ಯೆ ಇಷ್ಟೇ. ಕೆಟ್ಟ ಖೋವಾ ತುಂಬಿದ ಟೆಂಪೋ ಒಂದು ಮುಂಡರಗಿ ದಾರಿಯಲ್ಲಿ ರಾಜಾರೋಷವಾಗಿ ಓಡಾಡುತ್ತಿತ್ತು. ಆಹಾರದವರು, 'ಖೋವಾ ಆಗೋದು ಹಾಲಿನಿಂದ, ಪಶುಸಂಗೋಪನೆಯವರನ್ನ ಕೇಳ್ರಿ' ಅಂದರು. ಪಶುಸಂಗೋಪನೆಯವರು, 'ಹಾಲು ಎಮ್ಮಿಯೊಳಗ ಇರೂತನಕ ಅಷ್ಟ ನಮ್ಮದು' ಅಂದರು! ಆರೋಗ್ಯದವರು, 'ಯಾರರೆ ತಿಂದು ಮಲಗಿದ ಮ್ಯಾಲೆ ಹೇಳ್ರಿ' ಅಂದರು. ತೂಕ-ಅಳತೆಯವರು ತೂಕ ಸರಿಯಿದೆಯೆಂದು ಸಮಾಧಾನಪಟ್ಟರು. ಪೌರಾಡಳಿತದವರು ಟೆಂಪೋ ಊರ ಗಡಿ ದಾಟುವುದನ್ನೇ ಕಾಯುತ್ತಿದ್ದರು.

"ಐದೂ ಮಂದೀನ ಒಂದ ಕಡೆ ನಿಲ್ಲಸ್ರಿ. ಯಾರೂ ಜಾರಿಕೊಳ್ಳಬಾರದು, ಹಂಗ ಬರೀರಿ," ಎಂದರು ಮೇಡಂ.

ಬರೆದೆ! ಕಲಂ ನಾಲ್ಕು: ಪ್ರತಿಯೊಂದು ಇಲಾಖೆಯೂ ಪ್ರತಿಯೊಂದು ಪದಾರ್ಥದ ನಾಲ್ಕು ಮಾದರಿಗಳನ್ನು ತೆಗೆಯತಕ್ಕದ್ದು. ಕಲಂ ಐದು: ಐದೂ ಇಲಾಖೆಗಳ ಸಹಿಯಾಗಿ, ಉಳಿದ ಮಾಲಿನ ಮೇಲೆ ಸಮನ್ವಯಾಧಿಕಾರಿಯ ಮೊಹರು ಬೀಳುವವರೆಗೆ ವಾಹನ ಬಿಡತಕ್ಕದ್ದಲ್ಲ. ಸಮನ್ವಯಾಧಿಕಾರಿ ಅಂದರೆ ನಾನು. ಕಲಂ ಏಳು: ವಾಹನದಲ್ಲಿರುವವರು ತಾವು ಸರ್ಕಾರಿ ನೌಕರರೆಂದಾಗಲಿ, ನೌಕರರ ಸಂಬಂಧಿಕರೆಂದಾಗಲಿ ಹೇಳಿಕೊಂಡಲ್ಲಿ ದುಪ್ಪಟ್ಟು ಎಚ್ಚರಿಕೆ ವಹಿಸತಕ್ಕದ್ದು. ಈ ಏಳನೆಯದನ್ನು ಬರೆದ ದಿನ ಮನೆಗೆ ಹೋಗಿ ಎರಡು ಸಲ ಕನ್ನಡಿ ನೋಡಿಕೊಂಡೆ. ಮೊದಲ ತಪಾಸಣೆ ಗುರುವಾರವೆಂದು ನಿಶ್ಚಯವಾಯಿತು.

ಅದೇ ಗುರುವಾರ ಮುಂಡರಗಿ ದಾರಿಯ ಕೊರ್ಲಹಳ್ಳಿಯಲ್ಲಿ ನಮ್ಮ ಮಗಳು ಗಿರಿಜೆಯ ಕುಬಸ, ಅಂದರೆ ಸೀಮಂತ. ಬಸುರಿ ಮಗಳಿಗೆ ತವರಿನವರು ಸೀರೆ, ಕುಬಸದ ಜೊತೆಗೆ ಬುತ್ತಿ ಒಯ್ಯಬೇಕು. ಹಿಂದಿನ ವಾರವೇ ಅವಳು ಫೋನ್ ಮಾಡಿದ್ದಳು.

"ಅಪ್ಪಾ, ಏನ್ ತಿಂದ್ರೂ ಹೊಟ್ಟ್ಯಾಗ ನಿಲ್ಲವಲ್ದು. ಅವ್ವನ ಕೈಯಿಂದು ಶೇಂಗಾ ಹೋಳಿಗಿ ಒಂದ ಒಂದು ತಿನಬೇಕು ಅನ್ನಸ್ತೈತಿ."

ಒಂದೇ ಒಂದು! ನನ್ನ ಹೆಂಡತಿ ಶಕುಂತಲಾ ಓಣಿಯ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಮೂರು ದಿನ ಒಲೆ ಆರಿಸಲಿಲ್ಲ. ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಕರ್ಚಿಕಾಯಿ, ಅಂಟಿನ ಉಂಡಿ, ಕಡಕ್ ರೊಟ್ಟಿ, ಶುಭವೆಂದು ಎಲ್ಲವೂ ಇಪ್ಪತ್ತೊಂದು. ಮೇಲೆ ಗುರೆಳ್ಳು ಚಟ್ನಿ, ಒಂದು ಡಬ್ಬಿ ತುಪ್ಪ.

ಹೊರಡುವ ಮುಂಚೆ ಅವಳು ಕೇಳಿದಳು. "ಏನ್ರೀ, ಇವತ್ತ ನಿಮ್ಮ ತಪಾಸಣಿ ಅದ ದಾರ್ಯಾಗ ಅಲ್ಲೇನು?"

"ಅದು ವ್ಯಾಪಾರ ಮಾಡವರಿಗೆ. ಅಲ್ಲಿ ನಿಂತವರೆಲ್ಲಾ ನಮ್ಮ ಮಂದಿ. ನನ್ನ ಮಾರಿ ಕಂಡ್ರ ಸಲಾಂ ಹೊಡೀತಾರ, ನೋಡ್ತಿರು."

ಸಲಾಂ ಹೊಡೆದರು. ಹೊಡೆದು, ನಮ್ಮ ಬಾಡಿಗೆ ಜೀಪನ್ನು ನಿಲ್ಲಿಸಿದರು!

ಸಲಾಂ ಹೊಡೆದವನು ಗೃಹರಕ್ಷಕ ಮಲ್ಲಪ್ಪ. ಅವನ ಕೈಯಲ್ಲಿ ಪ್ಲಾಸ್ಟಿಕ್ ಹೊದಿಸಿದ ನನ್ನ ಆದೇಶವಿತ್ತು.

"ಏ ಮಲ್ಲಪ್ಪ, ನಾನಪಾ! ಇದು ನನ್ನ ಮಗಳ ಕುಬಸದ ಬುತ್ತಿ."

"ಗೊತ್ತಾತ್ರಿ ಸಾಹೇಬ್ರ. ಅದಕ್ಕ ಏಳನೇ ಕಲಂ ಹಚ್ಚಬೇಕಾತು. ಡಬಲ್ ಎಚ್ಚರಿಕಿ!"

ಬೇವಿನ ಗಿಡದ ನೆರಳಿನಿಂದ ಐದೂ ಅಧಿಕಾರಿಗಳು ಎದ್ದು ಬಂದರು. ಬೆಳಗಿನಿಂದ ತಿನಿಸು ಸಾಗಿಸುವ ಒಂದು ವಾಹನವೂ ಸಿಕ್ಕಿರಲಿಲ್ಲ. ಊಟದ ಹೊತ್ತು ಹತ್ತಿರ ಬಂದಿತ್ತು. ಬುಟ್ಟಿಯ ಮೇಲಿನ ಬಟ್ಟೆ ಸರಿಸಿದ ಕೂಡಲೇ ಅವರ ಮುಖದಲ್ಲಿ ಮೂಡಿದ ಕರ್ತವ್ಯನಿಷ್ಠೆಯನ್ನು ನಾನು ಇಷ್ಟು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ.

ತೂಕ-ಅಳತೆಯವರು ಒಂದೊಂದೇ ಹೋಳಿಗೆ ತೂಗಿದರು. "ಇದೊಂದು ದೊಡ್ಡದೈತ್ರಿ, ಉಳಿದಾವು ಸಣ್ಣವು. ಯಾಕ?"

"ದೊಡ್ಡದು ನನ್ನ ಮಗಳಿಗಿ, ಸಣ್ಣವು ಬೀಗರಿಗಿ!" ಎಂದಳು ಶಕುಂತಲಾ. ಅವರು ಅದನ್ನು ಹಾಗೆಯೇ ಬರೆದುಕೊಂಡರು.

ಆರೋಗ್ಯದವರು ಅಡುಗೆ ಮಾಡಿದವರ ವೈದ್ಯಕೀಯ ಪ್ರಮಾಣಪತ್ರ ಕೇಳಿದರು. ಶಕುಂತಲಾ ನನ್ನನ್ನು ತೋರಿಸಿದಳು. "ಇಪ್ಪತ್ತೆಂಟು ವರ್ಷ ಇವರಿಗೆ ಮಾಡಿ ಹಾಕೀನ್ರಿ. ಇವರ ನನ್ನ ಪ್ರಮಾಣಪತ್ರ." ಅವರು ನನ್ನ ಹೊಟ್ಟೆಯನ್ನು ಮೇಲಿಂದ ಕೆಳಗೆ ನೋಡಿ ಏನೋ ಗೀಚಿಕೊಂಡರು. ತುಪ್ಪ ಎಮ್ಮೆಯದೋ ಆಕಳದೋ ಎಂದು ಪಶುಸಂಗೋಪನೆಯವರಿಗೆ ಸಂಶಯ ಬಂತು. ರುಚಿ ನೋಡಿದರು. ಸಂಶಯ ಹೋಗಲಿಲ್ಲ. ಮತ್ತೆ ನೋಡಿದರು! ಪೌರಾಡಳಿತದವರು ಪ್ಲಾಸ್ಟಿಕ್ ಚೀಲಗಳನ್ನೆಲ್ಲ ಜಪ್ತು ಮಾಡಿ ಚಟ್ನಿಯನ್ನು ನನ್ನ ಕರವಸ್ತ್ರದಲ್ಲಿ ಕಟ್ಟಿಕೊಟ್ಟರು.

ಆಮೇಲೆ ಆಹಾರದವರು ಮುಂದಾಳತ್ವ ವಹಿಸಿ ಮಾದರಿ ತೆಗೆಸಿದರು. ಐದು ಇಲಾಖೆ, ನಾಲ್ಕು ಮಾದರಿ. ಪ್ರತಿ ತಿನಿಸಿನ ಇಪ್ಪತ್ತೊಂದರಲ್ಲಿ ಇಪ್ಪತ್ತು ಹೋದವು.

"ರೀ, ಏನ್ ಬರದೀರಿ ನೀವು ಆ ಹಾಳ್ಯಾಗ?" ಎಂದಳು ಶಕುಂತಲಾ.

"ಅಳಬ್ಯಾಡ, ದೊಡ್ಡ ಹೋಳಿಗಿ ಉಳದೈತಿ. ಗಿರಿಜಾ ಕೇಳಿದ್ದರ ಎಷ್ಟು? ಒಂದ!"

ಐದೂ ಸಹಿ ಬಿದ್ದವು. ಇನ್ನು ಉಳಿದದ್ದು ನನ್ನ ಮೊಹರು. ಅದು ಕಚೇರಿಯ ಕಪಾಟಿನಲ್ಲಿ, ಕೀಲಿ ಹಾಕಿ ಭದ್ರವಾಗಿತ್ತು! ನನ್ನ ಹೆಂಡತಿಯನ್ನು ನನ್ನ ಆದೇಶದಿಂದ ಬಿಡಿಸಲು ನಾನು ಮಲ್ಲಪ್ಪನ ಬೈಕಿನ ಹಿಂದೆ ಕೂತು ಗದಗಿಗೆ ಹೋದೆ.

ಮರಳಿ ಬರುವಷ್ಟರಲ್ಲಿ ರಸ್ತೆ ಪೂರಾ ಕಟ್ಟಿತ್ತು. ಜೀಪು ಅಡ್ಡ, ಜೀಪಿನ ಸುತ್ತ ಐದು ಇಲಾಖೆ, ಹಿಂದೆ ಹಾರ್ನ್ ಹೊಡೆಯುವ ಸಾಲು. ಸಮನ್ವಯ ಅಂದಮೇಲೆ ಸಂಚಾರವೂ ನನ್ನದೇ ಹೊಣೆಯಲ್ಲವೇ? ನಡುರಸ್ತೆಗೆ ಇಳಿದೆ. ಎಲ್ಲರಿಗಿಂತ ಮುಂದಿದ್ದ ಟೆಂಪೋದವನು ಕೈ ಮುಗಿದ.

"ಸಾಹೇಬ್ರ, ಜಲ್ದಿ ಬಿಡ್ರೀ. ಮಾಲು ಕೆಡತೈತಿ!"

ಪಾಪ ಅನ್ನಿಸಿತು. ಎರಡೂ ಕೈ ಬೀಸಿ ಗೌರವದಿಂದ ದಾರಿ ಮಾಡಿಕೊಟ್ಟೆ. ಟೆಂಪೋ ಹೋಯಿತು. ಅದರ ಹಿಂದೆಯೇ ಹುಳಿ ಹಾಲಿನ ಗಬ್ಬು ವಾಸನೆ ಬಂತು.

"ಖೋವಾ!" ಎಂದು ಐವರೂ ಒಂದೇ ದನಿಯಲ್ಲಿ ಕೂಗಿದರು. ಇಷ್ಟೊಂದು ಸಮನ್ವಯ ನಮ್ಮಲ್ಲಿ ಹಿಂದೆಂದೂ ಆಗಿರಲಿಲ್ಲ. ಆದರೆ ಓಡಿ ಹಿಡಿಯುವವರು ಯಾರು? ಎಲ್ಲರ ಎರಡೂ ಕೈಯಲ್ಲಿ ನಮ್ಮ ಹೋಳಿಗೆ!

ಆ ಗಾಬರಿಯಲ್ಲಿ ನಾನು ಕೊನೆಯ ತಪ್ಪು ಮಾಡಿದೆ. ಉಳಿದ ಮಾಲಿನ ಮೇಲೆ ಮೊಹರು ಬೀಳಬೇಕು ಎಂದು ಮಲ್ಲಪ್ಪ ಆದೇಶ ಓದಿದ. ನಾನು ಬರೆಯುವಾಗ ಪೊಟ್ಟಣದ ಮೇಲೆ ಅಂದುಕೊಂಡಿದ್ದೆ. ಪೊಟ್ಟಣಗಳನ್ನು ಪೌರಾಡಳಿತದವರು ಜಪ್ತು ಮಾಡಿದ್ದರು. ಗಡಿಯಾರ ನೋಡಿದೆ, ಮೊಹರು ಎತ್ತಿದೆ, ಧಪ್ಪನೆ ಒತ್ತಿಬಿಟ್ಟೆ.

ಕೊರ್ಲಹಳ್ಳಿ ಮುಟ್ಟಿದಾಗ ಆರತಿ ಮುಗಿದಿತ್ತು. ಬೀಗತಿ ಬುಟ್ಟಿಯೊಳಗೆ ಇಣುಕಿ, ಒಳಗೆ ಹೋಗಿ ಅಕ್ಕಿ ತೊಳೆಯತೊಡಗಿದರು. ಹಸಿರು ಸೀರೆಯುಟ್ಟು ಕೂತಿದ್ದ ಗಿರಿಜೆ ಆಸೆಯಿಂದ ಕೈ ಚಾಚಿದಳು. ನಾನು ದೊಡ್ಡ ಹೋಳಿಗೆಯನ್ನು ಅವಳ ಅಂಗೈ ಮೇಲಿಟ್ಟೆ. ಅದರ ನಡುವೆ ನೀಲಿ ಶಾಯಿಯಲ್ಲಿ ದುಂಡಗೆ ಮೂಡಿತ್ತು: 'ಪರಿಶೀಲಿಸಲಾಗಿದೆ.'

"ಅಪ್ಪಾ, ಇದು ತಿನ್ನಾಕೋ, ಫೈಲಿಗೆ ಹಚ್ಚಾಕೋ?" ಎಂದು ನಕ್ಕಳು. ನಗುತ್ತಲೇ ಅವಳ ಕಣ್ಣು ತುಂಬಿದವು. ನಿಜಕ್ಕೂ ನಾಚಿಕೆಯಾಯಿತು.

ಮಾದರಿಗಳಲ್ಲಿ ಎಷ್ಟು ಪ್ರಯೋಗಾಲಯ ಮುಟ್ಟಿದವೋ ಗೊತ್ತಿಲ್ಲ. ತುಪ್ಪ ಆಕಳದ್ದೇ ಎಂದು ಪಶುಸಂಗೋಪನೆಯವರು ಮಾತ್ರ ಮರುದಿನ ಫೋನ್ ಮಾಡಿ ಖಾತ್ರಿಪಡಿಸಿದರು. ಏಳನೇ ಕಲಮಿನ ಪ್ರಕಾರ ಸಂಬಂಧ ಹೇಳಿ ವಾಹನ ಬಿಡಿಸಲು ನೋಡಿದವನಿಗೆ ಕಾರಣ ಕೇಳಿ ನೋಟಿಸು ಕೊಡಬೇಕೆಂದರು ಮೇಡಂ. ಅದರ ಕರಡನ್ನೂ ನಾನೇ ಬರೆದೆ. ಚೆನ್ನಾಗಿಯೇ ಬಂದಿದೆ!

ಭಾನುವಾರ ಶಕುಂತಲಾ ಮತ್ತೆ ಶೇಂಗಾ ಹೋಳಿಗೆ ಮಾಡಿದಳು. ಬಸ್ಸಿನಲ್ಲಿ ಒಬ್ಬಳೇ ಹೋಗುವುದಾಗಿ ಹೇಳಿದಳು. ಬಸ್ ನಿಲ್ದಾಣದವರೆಗೆ ಬುಟ್ಟಿ ಹೊರುವ ಕೆಲಸವನ್ನು ಮಾತ್ರ ನನಗೆ ವಹಿಸಿದಳು. ಬಸ್ಸು ಬರುವುದು ತಡವಾಯಿತು. ಬುಟ್ಟಿಯಿಂದ ಘಮಘಮ ವಾಸನೆ. ನನಗೆ ತಡೆಯಲಾಗಲಿಲ್ಲ.

"ಏ, ಒಂದ ಒಂದು ಕೊಡ. ರುಚಿ ನೋಡ್ತೀನಿ," ಎಂದು ಕೈ ಚಾಚಿದೆ.

ಅವಳು ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಐದು ಮಂದೀದು ಸಹಿ ಆಗೇತೇನ್ರಿ?"