ಐತಿ ಹೋಗಿ ಇದೆ ಬಂತು

ಶಿವಾನಂದನ ಭಾನುವಾರ ಕೆಟ್ಟದ್ದು ಎರಡೇ ಅಕ್ಷರದ ಒಂದು ಶಬ್ದದಿಂದ. ಬೆಳಿಗ್ಗೆ ಏಳೂವರೆಗೆ ಹೆಂಡತಿ ಸಾವಿತ್ರಿ ಒಂದು ಕೈಯಲ್ಲಿ ಚಹಾದ ಕಪ್ಪು, ಇನ್ನೊಂದು ಕೈಯಲ್ಲಿ ಅವನು ಬರೆದ ಲೇಖನದ ಹಾಳೆಗಳನ್ನು ಹಿಡಿದು ಬಂದು ಎದುರಿಗೆ ಕೂತಳು.

"ಇದೇನ್ರೀ, ಸಾಲಿಗೊಂದು 'ಐತಿ' ಬರದೀರಿ?"

"ಮತ್ತೇನು ಬರೀಬೇಕು? ಇದ್ದದ್ದಕ್ಕ ಐತಿ ಅನ್ನೂದಿಲ್ಲೇನು?"

"ಅನ್ನೂದು ಬ್ಯಾರೆ, ಬರಿಯೂದು ಬ್ಯಾರೆ. ಬರಿಯೂ ಮುಂದ 'ಇದೆ' ಅನ್ಬೇಕು. ಸಂಜೀಕ ಅಪ್ಪಾರು ಓದ್ತಾರ, ನೆನಪಿರಲಿ."

ಅಪ್ಪಾರು ಅಂದ ಕೂಡಲೇ ಶಿವಾನಂದ ಚಹಾ ಬಿಟ್ಟು ಹಾಳೆಗಳತ್ತ ಕೈ ಚಾಚಿದ.

ಅವನ ಮಾವ ಅಮರೇಶಪ್ಪನವರು ಲಿಂಗಸುಗೂರು ಕಡೆಯವರು, ಕಾಲೇಜಿನ ನಿವೃತ್ತ ಪ್ರಾಚಾರ್ಯರು, ಕನ್ನಡದ ಮೇಷ್ಟ್ರು. ಕೆಂಪು ಪೆನ್ನಿಲ್ಲದೆ ಅವರು ಮನೆಯಿಂದ ಹೊರಬಿದ್ದದ್ದನ್ನು ಕಂಡವರಿಲ್ಲ. ಮದುವೆಯಾದ ಹೊಸತರಲ್ಲಿ ಶಿವಾನಂದ ಅವರಿಗೆ ಒಂದು ಪತ್ರ ಬರೆದಿದ್ದ. ನಾವು ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ, ಇಷ್ಟೇ ಸಂಗತಿ. ವಾರದೊಳಗೆ ಅದೇ ಪತ್ರ ವಾಪಸು ಬಂತು. ಹನ್ನೊಂದು ತಪ್ಪಿಗೆ ಕೆಂಪು ಸುತ್ತು, ಅಡಿಯಲ್ಲಿ ಹತ್ತಕ್ಕೆ ನಾಲ್ಕು ಅಂಕ, ಜೊತೆಗೆ 'ಪ್ರಯತ್ನ ಮುಂದುವರಿಯಲಿ' ಎಂಬ ಹಾರೈಕೆ. ಅಂದಿನಿಂದ ಹದಿನೆಂಟು ವರ್ಷ ಶಿವಾನಂದ ಮಾವನ ಜೊತೆ ಫೋನಿನಲ್ಲಷ್ಟೇ ಮಾತಾಡಿದ್ದ.

ಅವನಿಗೆ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಕೆಲಸ. ಆಫೀಸಿನಲ್ಲಿ ಹಿಂದಿ, ರಸ್ತೆಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ. ಗಚ್ಚಿಬೌಲಿಯ ಅಪಾರ್ಟ್‌ಮೆಂಟಿಗೆ ಬಂದ ಮೇಲೆ ಅಲ್ಲಿನ ಕನ್ನಡ ಬಳಗದವರು ಈ ಸಲದ ರಾಜ್ಯೋತ್ಸವಕ್ಕೆ ಸಣ್ಣದೊಂದು ಸಂಚಿಕೆ ತರುತ್ತೇವೆ, ನಿಮ್ಮ ಮಾವನವರೇ ಬಿಡುಗಡೆ ಮಾಡಲಿ ಅಂದಾಗ ಶಿವಾನಂದನೊಳಗಿನ ಹಳೆಯ ಗಾಯ ಎದ್ದು ಕೂತಿತು. ಒಂದು ತಿಂಗಳು ಕೂತು 'ಜೋಳದ ರೊಟ್ಟಿ ಮತ್ತು ನಮ್ಮ ಸಂಸ್ಕೃತಿ' ಎಂಬ ಆರು ಪುಟದ ಲೇಖನ ಬರೆದ. ಮಾವ ಅದನ್ನೋದಿ ಒಮ್ಮೆ, ಒಂದೇ ಒಂದು ಸಲ, "ಚಲೋ ಬರದೀರಿ" ಅಂದುಬಿಟ್ಟರೆ ಸಾಕು. ಅವನಿಗೆ ಬೇರೆ ಯಾವ ಪ್ರಶಸ್ತಿಯೂ ಬೇಕಿರಲಿಲ್ಲ.

ಮಾವ ಹಿಂದಿನ ದಿನವೇ ಬಂದಿಳಿದಿದ್ದರು. ಬೇಗಂ ಬಜಾರಿನಲ್ಲಿ ಕಿರಾಣಿ ವ್ಯಾಪಾರ ಮಾಡುವ ಹಳೆಯ ಶಿಷ್ಯನನ್ನು ನೋಡಲು ಬೆಳಿಗ್ಗೆಯೇ ಹೊರಟಿದ್ದರು. ಸಂಜೆ ನೇರ ಸಭೆಗೆ ಬರುತ್ತೇನೆಂದಿದ್ದರು.

"ಐತಿ ಅಷ್ಟ ಅಲ್ಲ," ಸಾವಿತ್ರಿ ಪಟ್ಟಿ ಮಾಡಿದಳು. "ಭಾಳ ಅಂತ ಐತಿ, ಅದು ಬಹಳ ಆಗಬೇಕು. ಮಂದಿ ತಗದು ಜನ ಹಾಕ್ರಿ. ಚಾ ಅಂದ್ರ ಅಪ್ಪಾರಿಗೆ ಆಗೂದಿಲ್ಲ, ಚಹಾ ಅನ್ರಿ."

ಲೇಖನವನ್ನು ಕಂಪ್ಯೂಟರಿನಲ್ಲಿ ಟೈಪು ಮಾಡಿದ್ದವನು ಮೂರನೇ ಮಹಡಿಯ ಸೂರಜ್. ಬೀದರದ ಹುಡುಗ, ಮಾದಾಪುರದಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಶಿವಾನಂದ ಬರೆದದ್ದನ್ನು ಒಂದಕ್ಷರ ಆಚೀಚೆ ಮಾಡದೆ ಇದ್ದದ್ದು ಇದ್ದ ಹಾಗೆ ಹೊಡೆದಿದ್ದ. ಶಿವಾನಂದ ಪಟ್ಟಿ ಹಿಡಿದು ಮೆಟ್ಟಿಲು ಹತ್ತಿದ.

"ಎರಡು ನಿಮಿಷದ ಕೆಲಸ ಕಾಕಾ," ಅಂದ ಸೂರಜ್. "ಒಂದೊಂದ ಹುಡುಕೂದ ಬ್ಯಾಡ. ಐತಿ ಎಲ್ಲೆಲ್ಲಿ ಐತಿ ಅಲ್ಲೆಲ್ಲಾ ಇದೆ ಹಾಕು ಅಂದ್ರ ಆತು, ಅದಽ ಹಾಕ್ತೈತಿ. ಅದೂ ಬಿಟ್ಟಿ ಸಾಫ್ಟ್‌ವೇರ್. ಜಗತ್ತಿನ ಸಾವಿರಾರು ಮಂದಿ ಕೂಡಿ ಮಾಡಿದ್ದು."

ಟಪ್ ಟಪ್ ಎಂದು ನಾಲ್ಕು ಸಲ ಗುಂಡಿ ಒತ್ತಿದ. ತೊಂಬತ್ತೆರಡು ಕಡೆ ಬದಲಾಯಿತೆಂದು ಪರದೆಯ ಮೇಲೆ ಬಂತು. ಹಳೆಯ ಪ್ರತಿಯ ಮೇಲೆಯೇ ಹೊಸದನ್ನು ಉಳಿಸಿ, ಹಳೇದು ಇನ್ನೇಕೆ ಬೇಕು ಅಂದ. ತಿಂಗಳ ಕೆಲಸ ಎರಡು ನಿಮಿಷದಲ್ಲಿ ಶುದ್ಧವಾಯಿತಲ್ಲ ಎಂದು ಶಿವಾನಂದ ಕಣ್ಣರಳಿಸಿ ನಿಂತ.

ಅಷ್ಟರಲ್ಲಿ ನಾಲ್ಕನೇ ಮಹಡಿಯ ನಿತಿನ ಪೇಪರು ಕೇಳಲು ಒಳಗೆ ಬಂದ. ಅವನೂ ಸಾಫ್ಟ್‌ವೇರಿನವನೇ, ಆದರೆ ಬೇರೆ ಕಂಪನಿ, ಬೇರೆ ಮತ. ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರ್ ಬಿಟ್ಟು ಬೇರೆಯದನ್ನು ಮುಟ್ಟಿದರೆ ಕೈ ತೊಳೆಯುವಂಥವನು. ಬಗ್ಗಿ ಪರದೆ ನೋಡಿದ.

"'ರೊಟ್ಟಿಗೆ ಇದೆಹಾಸಿಕ ಮಹತ್ವ ಇದೆ.' ಕಾಕಾ, ಇದೆಹಾಸಿಕ ಅಂದ್ರೇನು?"

ಮೂವರೂ ಬಗ್ಗಿದರು. ಐತಿಹಾಸಿಕದ ಹೊಟ್ಟೆಯೊಳಗೂ ಒಂದು ಐತಿ ಇತ್ತು. ಯಂತ್ರ ಅದನ್ನೂ ಬಿಟ್ಟಿರಲಿಲ್ಲ.

"ಬಿಟ್ಟಿ ಸಿಕ್ಕದ್ದು ಹಿಂಗಽ ಇರತೈತಿ," ಅಂದ ನಿತಿನ. "ತಪ್ಪಾದ್ರ ಯಾರನ್ನ ಕೇಳ್ತೀ? ಕಂಪನಿದು ಆದ್ರ ಒಂದು ಜವಾಬ್ದಾರಿ ಇರತೈತಿ."

"ಏ ಯಾರ್, ನಿನ್ನ ಕಂಪನಿದು ಕನ್ನಡ ಕಂಡಿದ್ದ ನಿನ್ನೆ ಮೊನ್ನೆ. ಸುದ್ದಿ ಓದೀಯಿಲ್ಲೋ? ಇನ್ನೆರಡು ವರ್ಷದಾಗ ಎಲ್ಲಾ ಇಂಟರ್‌ನೆಟ್ಟಿನಾಗ ಬರ್ತೈತಿ, ನಿನ್ನ ಡಬ್ಬಿ ಗುಜರಿಗೆ."

"ಅದಽ ಸುದ್ದಿಯ ಕೆಳಗ ಐವತ್ತು ಮಂದಿ ಅದು ಸುಳ್ಳು ಅಂತ ಬರದಾರ. ಅದನ್ನ ಓದೀಯಿಲ್ಲೋ?"

ಶಿವಾನಂದ ಒಮ್ಮೆ ಇವನ ಮುಖ, ಒಮ್ಮೆ ಅವನ ಮುಖ ನೋಡಿದ. ಸೂರಜ್ ಹೇಳುವಾಗ ಅದೇ ಸರಿ ಅನ್ನಿಸುತ್ತಿತ್ತು. ನಿತಿನ ಬಾಯಿ ತೆರೆದರೆ ಇದೂ ಸರಿಯೇ ಅನ್ನಿಸುತ್ತಿತ್ತು. ಈ ಇಬ್ಬರ ನಡುವೆ ತನ್ನ ರೊಟ್ಟಿ ಎಲ್ಲಿದೆ ಎಂಬುದಷ್ಟೇ ತಿಳಿಯುತ್ತಿರಲಿಲ್ಲ.

"ಅಲ್ರೆಪಾ," ಅಂದ ಮೆಲ್ಲಗೆ, "ಇದನ್ನ ಮೊದಲಿನಂಗ ಮಾಡಾಕ ಬರತೈತೇನು?"

"ನನ್ನ ಲ್ಯಾಪ್‌ಟಾಪಿನಾಗ ಬರತೈತಿ," ಅಂತ ನಿತಿನ ಫೈಲನ್ನು ಪೆನ್ ಡ್ರೈವಿಗೆ ಹಾಕಿಕೊಂಡು ತನ್ನ ಮನೆಗೆ ನಡೆದ. ಅವನ ಹಿಂದೆ ಶಿವಾನಂದ, ಶಿವಾನಂದನ ಹಿಂದೆ ವಾದ ಮುಗಿಯದ ಸೂರಜ್. ನಿತಿನ ಮೊದಲು ಜನ ತೆಗೆದು ಎಲ್ಲ ಕಡೆ ಮಂದಿ ಹಾಕಿದ. ಉಳಿದ ಮೂರಕ್ಕೆ ಕೈ ಹಾಕಬೇಕು, ಅಷ್ಟರಲ್ಲಿ ಸೂರಜ್ ಅವನ ಸಾಫ್ಟ್‌ವೇರಿಗೆ ವೈರಸ್ ಹತ್ತಿದ ಸುದ್ದಿ ತೆಗೆದ. ನಿತಿನ ಕುರ್ಚಿ ತಿರುಗಿಸಿ ಕೂತ. ಮಾತು ವೈರಸ್ಸಿನಿಂದ ಅಮೆರಿಕದ ಕೋರ್ಟಿಗೆ, ಕೋರ್ಟಿನಿಂದ ಚೀನಾಕ್ಕೆ ಹೋಯಿತು. ಹನ್ನೊಂದು ಗಂಟೆಗೆ ಶಿವಾನಂದನ ಮೊಬೈಲು ಹೊಡೆದುಕೊಂಡಿತು.

ಜೆರಾಕ್ಸ್ ಅಂಗಡಿಯ ನರಸಿಂಹ. ಬಳಗದ ಸಂಚಿಕೆಯ ಬೇರೆ ಪುಟಗಳೆಲ್ಲ ಆಗಿವೆ, ನಿಮ್ಮ ಲೇಖನವೊಂದೇ ಬಾಕಿ, ಹನ್ನೆರಡಕ್ಕೆ ಷಟರ್ ಎಳೆಯುತ್ತೇನೆ ಎಂದು ತೆಲುಗಿನಲ್ಲಿ ಹೇಳಿದ.

"ಆತೇನಪಾ?" ಶಿವಾನಂದ ಎದ್ದುನಿಂತು ಕೇಳಿದ.

"ಆತು ಆತು," ಅಂದ ನಿತಿನ, ಚೀನಾದಿಂದ ತಲೆ ಎತ್ತದೆ. ಪೆನ್ ಡ್ರೈವು ಕಿತ್ತು ಕೈಗಿಟ್ಟ.

ನರಸಿಂಹನಿಗೆ ಕನ್ನಡ ಬಾರದು. ನೂರು ಪ್ರತಿ ತೆಗೆದ, ಪಿನ್ನು ಹೊಡೆದ, ಷಟರ್ ಎಳೆದು ಸ್ಕೂಟರ್ ಹತ್ತಿ ಹೋದ. ಶಿವಾನಂದ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಕೂತು, ಅಚ್ಚಾದ ತನ್ನ ಹೆಸರನ್ನು ಎರಡು ಸಲ ಓದಿ ಸುಖಪಟ್ಟು, ಆಮೇಲೆ ಲೇಖನಕ್ಕೆ ಇಳಿದ.

'ರೊಟ್ಟಿಗೆ ಇದೆಹಾಸಿಕ ಮಹತ್ವ ಇದೆ. ಚಹಾಲುಕ್ಯರ ಕಾಲದಲ್ಲೂ ಮಂದಿ ರೊಟ್ಟಿ ತಿಂದಿರಬೇಕು. ಸಂಸಾರ ಸಂಬಹಳಿಸುವ ತಾಯಂದಿರ ಕೈಯ ರೊಟ್ಟಿಯೇ ನಿಜವಾದ ಭೋಮಂದಿ. ನನ್ನ ಮಾವನವರಾದ ನಿವೃತ್ತ ಪ್ರಚಹಾರ್ಯ ಅಮರೇಶಪ್ಪನವರ ವಿಚಹಾರವೂ ಇದೇ.'

ಆಟೋ ಕೊತ್ತಗುಡ ದಾಟಿತ್ತು. ಶಿವಾನಂದನಿಗೆ ಎಲ್ಲಿಗೆ ಹೊರಟಿದ್ದೇನೆಂಬುದೇ ಮರೆತುಹೋಯಿತು. ಹದಿನೆಂಟು ವರ್ಷದ ಹಿಂದೆ ಹನ್ನೊಂದು ತಪ್ಪಿಗೆ ನಾಲ್ಕಂಕ ಸಿಕ್ಕಿತ್ತು. ಇದಕ್ಕೆಷ್ಟು ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟ. ಮಾವನ ಪದವಿಯನ್ನಾದರೂ ಬಿಡಬಾರದಿತ್ತೇ ಈ ಯಂತ್ರ ಎಂದು ನಿಜವಾಗಿಯೂ ಕಣ್ಣಲ್ಲಿ ನೀರು ಬಂತು.

ಸಂಜೆ ಸಭೆಯಲ್ಲಿ ಅವನು ಪ್ರತಿಗಳ ಕಟ್ಟನ್ನು ಕುರ್ಚಿಯ ಮೇಲಿಟ್ಟು ಅದರ ಮೇಲೆಯೇ ಕೂತ. ಪ್ರತಿಗಳು ಬಂದಿಲ್ಲವೆಂದು ಹೇಳಬೇಕೆಂದಿದ್ದ. ಆದರೆ ಸಾವಿತ್ರಿ, "ಏಳ್ರೀ, ಪುಸ್ತಕದ ಮ್ಯಾಲ ಕುಂಡ್ರಬಾರದು," ಅಂತ ಎಲ್ಲರೆದುರು ಎಬ್ಬಿಸಿ, ಮೇಲಿನ ಪ್ರತಿಯನ್ನು ತಾನೇ ಬಣ್ಣದ ಕಾಗದದಲ್ಲಿ ಸುತ್ತಿ ಒಯ್ದು ತಂದೆಯ ಕೈಗಿಟ್ಟಳು. ಅಮರೇಶಪ್ಪನವರು ಕಾಗದ ಬಿಚ್ಚಿ, ಕನ್ನಡಕ ಏರಿಸಿ, ಅಳಿಯನ ಹೆಸರಿದ್ದ ಪುಟ ಹುಡುಕಿ ಓದತೊಡಗಿದರು. ಹಾಳೆ ಅವರ ಮುಖಕ್ಕೆ ಅಡ್ಡವಿತ್ತು. ಸ್ವಲ್ಪ ಹೊತ್ತಿಗೆ ಅವರ ಭುಜಗಳು ಅಲುಗಿದವು. ಸಿಟ್ಟು ಬಂದಾಗ ಅವರಿಗೆ ಹಾಗಾಗುತ್ತದೆಂದು ಶಿವಾನಂದ ಕೇಳಿದ್ದ.

ಹಾಳೆ ಇಳಿಯಿತು. ಮಾವ ನಗುತ್ತಿದ್ದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಮೈಕಿಗೆ ಬಂದರು.

"ನಮ್ಮ ಶಿವಾನಂದ ಅವರು ಇಂಥಾ ಹಾಸ್ಯಗಾರರು ಅಂತ ಹದಿನೆಂಟು ವರ್ಷ ನನಗ ಗೊತ್ತಽ ಆಗಲಿಲ್ಲ ನೋಡ್ರಿ. ಹಗಲೂ ರಾತ್ರಿ ಚಹಾ ಕುಡಿಯೋ ಅರಸರು ಯಾರು? ಚಹಾಲುಕ್ಯರು. ಮಂದಿ ಕೂಡಿ ಉಣ್ಣೂದಕ್ಕ ಭೋಮಂದಿ. ಸಂಸಾರ ಅಂದ್ರ ಕೆಲಸ ಬಹಳ, ಅದಕ್ಕ ಸಂಬಹಳಿಸೂದು. ಇನ್ನ ನಾನು ಕಾಲೇಜಿನಾಗ ದಿನಕ್ಕ ಹತ್ತು ಕಪ್ ಚಹಾ ಕುಡೀತಿದ್ದೆ. ನನ್ನ ಪ್ರಚಹಾರ್ಯ ಅಂದಾರ. ಒಂದಽ ಶಬ್ದದಾಗ ಹಿಡದ್ರು ನನ್ನ."

ಸಭೆ ನಕ್ಕಿತು, ಚಪ್ಪಾಳೆ ಹೊಡೆಯಿತು. ಮಾವ ತಮಗೆ ಹೊದಿಸಿದ್ದ ಶಾಲನ್ನು ತೆಗೆದು ಅಳಿಯನ ಹೆಗಲಿಗೆ ಹಾಕಿ, "ಚಲೋ ಬರದೀರಿ," ಅಂದರು.

ಶಿವಾನಂದನಿಗೆ ಏನೂ ತಿಳಿಯಲಿಲ್ಲ. ಬೆಳಗಿನಿಂದ ತಿಳಿಯದೆ ಆದದ್ದೆಲ್ಲ ಕೆಟ್ಟದ್ದೇ ಆಗಿತ್ತು. ಇದೊಂದು ಒಳ್ಳೆಯದಾಗಿದ್ದರೆ ಆಗಲಿ ಎಂದು ಕೈ ಮುಗಿದು ನಿಂತ. ಅಂಥ ಸಂತೋಷ ಅವನು ಮದುವೆಯ ದಿನವೂ ಪಟ್ಟಿರಲಿಲ್ಲ.

ಆಗ ಮೂರನೇ ಸಾಲಿನಲ್ಲಿ ಸೂರಜ್ ಎದ್ದುನಿಂತ.

"ಸರ್, ತಪ್ಪು ತಿಳಕೋಬ್ಯಾಡ್ರಿ. ಭೋಮಂದಿ ನನ್ನ ಸಾಫ್ಟ್‌ವೇರಿಂದಲ್ಲ. ನಂದ್ರಾಗ ಭೋಜನ ಸರಿ ಇತ್ತು. ಅದು ನಿತಿನನ ಕಂಪನಿ ಮಾಲಿನ ಕೆಲಸ."

"ಹಾಂ, ಚಹಾಲುಕ್ಯ ಯಾರದಪ್ಪಾ?" ನಿತಿನನೂ ಎದ್ದ. "ಅದು ಇವನ ಬಿಟ್ಟಿ ಮಾಲು ಸರ್."

ಐದು ನಿಮಿಷದಲ್ಲಿ ಬೆಳಗಿನ ಕತೆಯೆಲ್ಲ, ಚೀನಾದ ಸಮೇತ, ಸಭೆಯ ಮುಂದೆ ಬಂತು. ಮಾವನ ಮುಖದ ನಗು ಒಂದೊಂದೇ ಮೆಟ್ಟಿಲು ಇಳಿಯಿತು.

"ಅಂದ್ರ, ಇದು ಹಾಸ್ಯ ಅಲ್ಲ?"

"ಅಲ್ರಿ ಅಪ್ಪಾ," ಸಾವಿತ್ರಿಯೇ ಮುಂದೆ ಬಂದಳು. ಗಂಡನ ಮಾನ ಹೋಗುವುದನ್ನು ನೋಡುತ್ತ ಕೂರುವವಳಲ್ಲ ಅವಳು. ಕೈಚೀಲದಿಂದ ಆ ಆರು ಹಾಳೆ ತೆಗೆದಳು. "ಎಲ್ಲಾ ಯಂತ್ರದ ತಪ್ಪು. ಇವರು ಕೈಲೆ ಬರದಿದ್ದು ಇಲ್ಲೈತಿ. ನೀವಽ ನೋಡ್ರಿ."

ಶಿವಾನಂದ ಹೆಂಡತಿಯ ಕೈ ಹಿಡಿಯಲು ಹೋದ. ಹಾಳೆ ಆಗಲೇ ಮಾವನ ಕೈ ಸೇರಿತ್ತು. ಅವರು ಮೊದಲ ಪುಟ ಓದಿದರು. ಎರಡನೆಯದಕ್ಕೆ ಹೋಗಲಿಲ್ಲ. ಬೆರಳು ಒಂದು ಶಬ್ದದ ಕೆಳಗೆ ನಿಂತಿತು.

"ಚಾ ಇದ್ದಲ್ಲಿ ಚಹಾ ಹಾಕಿದ್ದು ಯಂತ್ರ. ಒಪ್ಪಿದೆ. ಇಲ್ಲಿ ನೀವು ನನ್ನ 'ಪ್ರಚಾರ್ಯ' ಅಂತ ಬರದೀರಿ. ಪ್ರಾಚಾರ್ಯದ 'ಪ್ರಾ' ದೀರ್ಘ ಯಾವ ಸಾಫ್ಟ್‌ವೇರ್ ನುಂಗೇತಿ?"

ಸೂರಜನೂ ನಿತಿನನೂ ಆ ದಿನ ಮೊದಲ ಸಲ ಒಂದೇ ಮಾತಿಗೆ ಬಂದರು.

"ಅದು ನಮ್ದಲ್ರಿ ಸರ್."

ಅಮರೇಶಪ್ಪನವರು ಅಳಿಯನ ಹೆಗಲ ಮೇಲಿನ ಶಾಲನ್ನು ಮೆಲ್ಲಗೆ ವಾಪಸು ತೆಗೆದುಕೊಂಡು ಮಡಚಿ ಮೇಜಿನ ಮೇಲಿಟ್ಟರು. ಆಮೇಲೆ ಜೇಬಿನಿಂದ ಕೆಂಪು ಪೆನ್ನು ತೆಗೆದರು.