ಗಾಜಿನ ಮೇಲೆ ಎರಡು ಟಿಕಳಿ

"ನಮ್ಮ ಮನ್ಯಾಗ ಕಂಪ್ಯೂಟರ್ ಖಾತೆ ನಂದು! ಕಣ್ಣು ಮುಚ್ಚಿ ನಡಸ್ತೇನಿ!" ಎಂದು ಕಂಠೆಪ್ಪ ಘೋಷಿಸಿದ. ಮನೆತನದಲ್ಲಿ ಡಿಗ್ರಿ ಕಂಡ ಮೊದಲ ಜೀವ ಅವನೇ. ಗೋವಾದ ಕುಡಚಡೆಯ ಲಾರಿ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವನೂ ಅವನೇ. ಹೆಂಡತಿ ಅಂಬಿಕಾಳಿಗೆ ಕಲಿಸಲೆಂದು ಅವಳು ಹಣೆಗಿಡುವ ಟಿಕಳಿಗಳನ್ನೇ ಮನೆಯ ಕಂಪ್ಯೂಟರಿನ ಗಾಜಿಗೆ ಅಂಟಿಸಿದ್ದ. ಹಸಿರು ಇದ್ದಲ್ಲಿ ಸೇವ್, ಸೆಂಡ್: ಒತ್ತಬೇಕು; ಕೆಂಪು ಇದ್ದಲ್ಲಿ ಡಿಲೀಟ್: ಒತ್ತಲೇಬಾರದು! ಐದು ವರ್ಷ ಯಾವ ಗುಂಡಿಯೂ ತನ್ನ ಟಿಕಳಿ ಬಿಟ್ಟು ಕದಲಿರಲಿಲ್ಲ.

ಅಂದು ಅಂಬಿಕಾಳ ಹೊಲಿಗೆ ಟೀಚರ್ ಕೆಲಸದ ಅರ್ಜಿಗೆ ಕೊನೆಯ ದಿನ. ಸಂಜೆ ಐದರೊಳಗೆ ಪಣಜಿಗೆ ಮೇಲ್ ಹೋಗಬೇಕು. ಅಷ್ಟರಲ್ಲಿ ಕಂಪ್ಯೂಟರ್ "ಹೊಸ ರೂಪ ಬೇಕೇ?" ಎಂದು ಕೇಳಿತು.

"ಇವತ್ತ ಬ್ಯಾಡ್ರಿ," ಎಂದಳು ಅಂಬಿಕಾ.

"ನಿನಗೇನ ತಿಳೀತೈತಿ? ಹೊಸಾದು ಅಂದ್ರ ಚಲೋನ ಇರತೈತಿ!"

ಹೊಸ ರೂಪ ಬಂತು. ಗುಂಡಿಗಳೆಲ್ಲ ಬೂದಿ ಬಳಿದುಕೊಂಡ ಸಾಧುಗಳಂತೆ ಒಂದೇ ಬಣ್ಣ! ಕಂಠೆಪ್ಪ ಎರಡು ಪುಟ ಬರೆದು, ಮೌಸಿನ ಬಾಣವನ್ನು ಹಸಿರು ಟಿಕಳಿಗೆ ಒಯ್ದು ಠೀವಿಯಿಂದ ಒತ್ತಿದ. ಅರ್ಜಿ ಮಾಯ! ಸೇವ್ ಗುಂಡಿ ಕೆಂಪು ಟಿಕಳಿಯ ಕಡೆಗೆ ಗುಳೆ ಹೋಗಿ, ಅದರ ಜಾಗದಲ್ಲಿ ಡಿಲೀಟ್ ಕಾಲು ಚಾಚಿ ಕೂತಿತ್ತು.

"ಹೋತೇನ್ರಿ?"

"ಹೋಗ್ಲಿ ಬಿಡು, ಅದರ ಆಟ ತಿಳೀತು! ಅದಲು ಬದಲು ಮಾಡ್ಯಾರ. ಇನ್ನ ಕೆಂಪಿಗೇ ಒತ್ತೂದು!"

ಸಮಯ ಉಳಿಸಲು ಈ ಸಲ ಸೀದಾ ಮೇಲ್‌ನಲ್ಲೇ ಬರೆದ. ಕೆಂಪಿಗೆ ಒತ್ತಿದ. ಆದರೆ ಮೇಲ್‌ನ ಗುಂಡಿಗಳು ಮಾತ್ರ ಹಳೆಯ ಜಾಗದಲ್ಲೇ ಇದ್ದವು! ಅರ್ಜಿ ಮತ್ತೆ ಮಾಯ!

"ಒಂದ ಮನಿ, ಖೋಲಿಗೊಂದು ನಮೂನಿ ಚಿಲಕ!" ಕಂಠೆಪ್ಪ ಗುಡುಗಿದ. "ನೆಟ್ಟಗಿದ್ದದ್ದನ್ನ ಕೆಡಿಸಿ, ಹೊಸಾದು ಅಂತ ಹೆಸರಿಡ್ತಾರ!"

"ಬೈಯೂದು ಆಮ್ಯಾಲೆ. ನಾಕೂವರಿ ಆತು, ಬರೀರಿ. ಈ ಸಲ ಒತ್ತೂದು ನಾನು."

ಬರೆದು ಮುಗಿಸಿದಾಗ ಐದಕ್ಕೆ ನಾಲ್ಕೇ ನಿಮಿಷ! ಅಂಬಿಕಾ ಟಿಕಳಿಗಳತ್ತ ನೋಡಲೇ ಇಲ್ಲ. ಹತ್ತನೆಯ ತರಗತಿಯ ಇಂಗ್ಲಿಷ್ ನೆನೆಸಿಕೊಂಡು, ಗುಂಡಿಯ ಮೇಲಿನ ಅಕ್ಷರಗಳಿಗೆ ಬೆರಳಿಟ್ಟಳು. "ಎಸ್... ಇ... ಎನ್... ಡಿ. ಸೆಂಡ್!" ಒತ್ತಿದಳು. ಅರ್ಜಿ ಪಣಜಿಗೆ ಹಾರಿತು!

"ಗುಂಡಿ ಮ್ಯಾಲೇ ಬರದೈತಲ್ರಿ! ಓದಿ ಒತ್ತಬೇಕಪಾ, ಡಿಗ್ರಿ ಆದವರು!"

ಆದರೂ ಕಂಠೆಪ್ಪನ ಕೈ ಸುಮ್ಮನಿರಬೇಕಲ್ಲ! "ಖರೇನ ಹೋಗೇತೋ ಇಲ್ಲೋ, ಒಂದ ಸಲ ಒತ್ತಿ ನೋಡ್ತೇನಿ ತಡಿ," ಎನ್ನುತ್ತ ಮೌಸಿಗೆ ಕೈ ಚಾಚಿದ.

ಅಂಬಿಕಾ ಗಾಜಿನ ಮೇಲಿನ ಕೆಂಪು ಟಿಕಳಿ ಕಿತ್ತು, ಅವನ ತೋರುಬೆರಳಿಗೆ ಅಂಟಿಸಿದಳು.

"ಕೆಂಪು ಇದ್ದಲ್ಲಿ ಒತ್ತಬಾರದು ಅಂತ ನೀವ ಕಲಿಸೀರಲ್ರಿ!"