ಮಾವನ ಕಾರಿಗೆ ಪವರ್ ಸ್ಟಿಯರಿಂಗ್

"ಆರು ವಾರ. ಆರೇ ವಾರ! ಈಸ್ಟರ್ ಹೊತ್ತಿಗೆ ನಿಮ್ಮಪ್ಪನ ಕಾರನ್ನ ನೀನು ಒಂದೇ ಬೆರಳಲ್ಲಿ ತಿರುಗಿಸ್ದೆ ಇದ್ರೆ ನನ್ನ ಹೆಸರು ರಸೆಲ್ಲೇ ಅಲ್ಲ!"

ಹೆಂಡತಿ ನೊಲೀನ್‌ಗೆ ನಾನು ಹೀಗೆ ಅಂಗೈಯಲ್ಲಿ ಆಕಾಶ ತೋರಿಸಿದೆ. ಯಾವ ವರ್ಷದ ಈಸ್ಟರ್ ಎಂದು ಹೇಳಲಿಲ್ಲವಲ್ಲ, ಅದೊಂದೇ ನಾನು ಮಾಡಿದ ಬುದ್ಧಿವಂತಿಕೆ.

ಕಾರು ಮಾವ ಸಾಯುವಾಗ ಮಗಳಿಗೆ ಬಿಟ್ಟುಹೋದ ಅರವತ್ತಮೂರನೇ ಇಸವಿಯ ಹೋಲ್ಡನ್. ನಿಂತಲ್ಲೇ ಅದರ ಸ್ಟಿಯರಿಂಗ್ ತಿರುಗಿಸಬೇಕೆಂದರೆ ಹಟ ಹಿಡಿದ ಕೋಣವನ್ನು ಎಳೆದಂತೆ. ನೊಲೀನ್‌ಳ ಭುಜದ ಆಪರೇಷನ್ ಆದಮೇಲೆ ಡಾಕ್ಟರು ಅದನ್ನು ಮುಟ್ಟಲೇಬಾರದು ಎಂದುಬಿಟ್ಟರು. ಅವಳು ಶೆಡ್ಡಿಗೆ ಹೋಗಿ ಕಾರಿನಲ್ಲಿ ಸುಮ್ಮನೆ ಕೂತು ಎದ್ದು ಬರುತ್ತಿದ್ದಳು. ಒಂದು ದಿನ, "ಪಕ್ಕದ್ಮನೆ ಮರ್ವ್ ಕೇಳ್ತಾನೇ ಇದಾನೆ. ಮಾರಿಬಿಡೋಣ ರಸ್. ಅವನಾದ್ರೂ ಓಡಿಸ್ಲಿ," ಎಂದು ಕಣ್ಣೊರೆಸಿಕೊಂಡಳು. ಅದನ್ನು ನೋಡಲಾಗದೆ ನಾನು ಸ್ಪ್ಯಾನರ್ ಹಿಡಿದೆ.

ಸ್ಟಿಯರಿಂಗ್ ತಿರುಗಿಸಿದ್ದನ್ನು ಚಕ್ರಗಳಿಗೆ ಮುಟ್ಟಿಸುವ ಪವರ್ ಸ್ಟಿಯರಿಂಗ್‌ನ ಡಬ್ಬ ನಮ್ಮ ಕಡೆ ಸಿಗಲಿಲ್ಲ. ಅಮೆರಿಕದಿಂದ ತರಿಸಿದೆ. ಅಲ್ಲಿಯವರು ಕಾರಿನ ಎಡಗಡೆ ಕೂತು ಓಡಿಸುತ್ತಾರೆ, ನಾವು ಬಲಗಡೆ. ಇದು ಆಸ್ಟ್ರೇಲಿಯಾದ ಹಾಲುಗಲ್ಲದ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು, ಸುಳ್ಳು ಯಾಕೆ ಹೇಳಲಿ! ಎತ್ತಿ, ಮಗುಚಿ ಈಚೆ ಪಕ್ಕಕ್ಕೆ ಕೂರಿಸಿದರಾಯಿತು ಅಂದುಕೊಂಡೆ.

ಮರ್ವ್ ಬೇಲಿಯ ಮೇಲಿಂದ ಇಣುಕಿದ. "ಮಾರಾಯ, ಅದು ಎಡಗಡೆ ಕಾರಿಂದು. ಇಲ್ಲಿ ಹಾಕಿದ್ರೆ ಎಡವಟ್ಟಾಗುತ್ತೆ."

"ಕಬ್ಬಿಣಕ್ಕೆ ಎಡ ಯಾವುದು ಬಲ ಯಾವುದು ಅಂತ ಏನು ಗೊತ್ತು, ಮರ್ವ್?"

"ಕಬ್ಬಿಣಕ್ಕೆ ಗೊತ್ತಿಲ್ದೆ ಇರ್ಬೋದು. ನಿನಗೆ ಗೊತ್ತಿರಬೇಕಿತ್ತು!"

ಕಾರಿನ ಆಸೆಗೆ ಹೊಟ್ಟೆಕಿಚ್ಚು ಪಡುತ್ತಿದ್ದಾನೆ ಎಂದುಕೊಂಡು ಕೆಲಸ ಮುಂದುವರಿಸಿದೆ. ಡಬ್ಬ ಕೂರಿಸಿದರೆ ಪಂಪಿಗೆ ಜಾಗವಿಲ್ಲ. ಪಂಪ್ ಕೂರಿಸಿದರೆ ರೇಡಿಯೇಟರ್ ಅಡ್ಡ. ರೇಡಿಯೇಟರ್ ಸರಿಸಿದರೆ ಬೆಲ್ಟ್ ಸಾಲದು. ಒಂದು ಈಸ್ಟರ್ ಹೋಯಿತು. ಅದರ ಹಿಂದೆ ನನ್ನ ಸೊಂಟವೂ ಹೋಯಿತು. ಇನ್ನೊಂದು ಈಸ್ಟರ್ ಬರುವಷ್ಟರಲ್ಲಿ ನನಗೆ ಕಾರೂ ಬೇಡ, ಈಸ್ಟರೂ ಬೇಡ, ಮಲಗಲು ಒಂದು ಹಾಸಿಗೆ ಸಾಕು ಎನ್ನಿಸಿತ್ತು.

"ಈ ಭಾನುವಾರವೇ ಕೊನೆ. ಆಮೇಲೆ ಮರ್ವ್‌ಗೆ ಕೀ ಕೊಡ್ತೀನಿ," ಎಂದಳು ನೊಲೀನ್.

ಶನಿವಾರ ಕಾರಿನ ಮೂತಿಯನ್ನು ಜಾಕ್‌ನಿಂದ ಮೇಲೆತ್ತಿ ಪರೀಕ್ಷೆ. ಅವಳು ಸ್ಟಿಯರಿಂಗ್ ಹಿಂದೆ. ನಾನು ಕಾರಿನ ಮುಂದೆ, ಅದರ ಮುಖಕ್ಕೆ ಮುಖ ಕೊಟ್ಟು ನೆಲದ ಮೇಲೆ ಬೋರಲು.

"ಬಲಕ್ಕೆ ತಿರುಗ್ಸು!"

"ತಿರುಗ್ಸಿದೆ! ಅಯ್ಯೋ ರಸ್, ಬೆಣ್ಣೆ ಥರ ಇದೆ!"

ಚಕ್ರಗಳು ನನ್ನ ಬಲಕ್ಕೆ ಹೊರಳಿದವು. ನನ್ನ ಬಲಕ್ಕೆ! ಎದುರುಬದುರು ಇರುವವರಿಗೆ ಒಬ್ಬರ ಬಲ ಇನ್ನೊಬ್ಬರ ಎಡ ಎನ್ನುವುದು ಆ ಸಂಭ್ರಮದಲ್ಲಿ ಯಾರಿಗೆ ಹೊಳೆಯಬೇಕು?

ಭಾನುವಾರ ಬೆಳಿಗ್ಗೆ ಮೊದಲ ಸವಾರಿಯ ಕೀರ್ತಿ ನನಗೇ ಇರಲಿ ಎಂದು ಹತ್ತಿದೆ. ಶೆಡ್ಡಿನಿಂದ ನೆಟ್ಟಗೆ ಹೊರಬಂದೆ. ಗೇಟಿಗೆ ಬಲಕ್ಕೆ ತಿರುಗಿಸಿದೆ. ಕಾರು ಎಡಕ್ಕೆ ಹೊರಟಿತು! ಸಾಲಲಿಲ್ಲವೇನೋ ಎಂದು ಇನ್ನೂ ಬಲಕ್ಕೆ ತಿರುಗಿಸಿದೆ. ಅದು ಇನ್ನೂ ಎಡಕ್ಕೆ ನುಗ್ಗಿತು! ತರಕಾರಿ ಮಡಿ ದಾಟಿ, ಬಟ್ಟೆ ಒಣಹಾಕುವ ಕಂಬಕ್ಕೆ ಮೆಲ್ಲಗೆ ಮುತ್ತಿಟ್ಟು ನಿಂತಿತು. ಗಾಜಿನ ಮೇಲೆಲ್ಲ ಒದ್ದೆ ಬೆಡ್‌ಶೀಟು. ಬೇಲಿಯಾಚೆ ಮರ್ವ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನಾಚಿಕೆಯಿಂದ ಬೆಡ್‌ಶೀಟಿನ ಹಿಂದೆಯೇ ಉಳಿದುಬಿಡೋಣ ಎನ್ನಿಸಿತು.

ನೊಲೀನ್ ಬಾಗಿಲು ತೆಗೆದಳು. "ಇಳಿ."

"ನಿನ್ನ ಭುಜ... ಕಾರು ಬೇರೆ ಉಲ್ಟಾ..."

"ಇಳಿ ಅಂದ್ನಲ್ಲ! ಹನ್ನೆರಡು ವರ್ಷದವಳಿದ್ದಾಗಿಂದ ಇದೇ ಕಾರಲ್ಲಿ, ಹಿಂದೆ ಕಟ್ಟಿದ ಅಪ್ಪನ ದೋಣಿ ಟ್ರೇಲರನ್ನ ಹಿಂದಕ್ಕೆ ಬಿಟ್ಟು ನೀರಿಗೆ ಇಳಿಸಿದೀನಿ. ಹಿಂದಕ್ಕೆ ಹೋಗುವಾಗ ಟ್ರೇಲರ್ ಎಡಕ್ಕೆ ಹೊರಳ್ಬೇಕಂದ್ರೂ ಸ್ಟಿಯರಿಂಗ್ ಬಲಕ್ಕೇ ತಿರುಗಿಸ್ಬೇಕು."

ಆ ವಿದ್ಯೆ ನನಗೆ ಮೂವತ್ತು ವರ್ಷವಾದರೂ ಒಲಿದಿಲ್ಲ. ನಾನು ದೋಣಿ ಇಳಿಸುವುದನ್ನು ನೋಡಲು ಜನ ಕುರ್ಚಿ ತರುತ್ತಾರೆ! ನೊಲೀನ್ ಮಾತ್ರ ಒಂದೇ ಕೈಯಲ್ಲಿ ಕಾರನ್ನು ಬಿಡಿಸಿಕೊಂಡು, ನಿಂಬೆ ಗಿಡಕ್ಕೆ ಒಂದು ಸುತ್ತು ಹಾಕಿ, ಒಂದು ಎಲೆಯನ್ನೂ ಸೋಕಿಸದೆ ಶೆಡ್ಡಿನೊಳಗೆ ನಿಲ್ಲಿಸಿದಳು. ಇಳಿದಾಗ ಅಳುತ್ತಿದ್ದಳು, ನಗುತ್ತಲೂ ಇದ್ದಳು.

"ಹಂಗಾದ್ರೆ ಮಾರಲ್ವಾ ನೊಲೀನ್?" ಎಂದ ಮರ್ವ್.

"ಮಾರೋದಾ? ಹೋಗಪ್ಪಾ ನೀನು!"

ಬಿದ್ದರೂ ಮೀಸೆ ಮಣ್ಣಾಗದವನಂತೆ ನಾನು ಸ್ಪ್ಯಾನರ್ ಎತ್ತಿಕೊಂಡೆ. "ಇಷ್ಟೇ ತಾನೆ? ಸಂಜೆಯೊಳಗೆ ಬಿಚ್ಚಿ ಸರಿಮಾಡ್ತೀನಿ."

ಅವಳು ಸ್ಪ್ಯಾನರ್ ಕಿತ್ತುಕೊಂಡಳು. "ನಾಳೆ ಮೆಕ್ಯಾನಿಕ್ ಬಂದು ಸರಿಮಾಡ್ತಾನೆ. ಅಲ್ಲೀವರೆಗೂ ಉಲ್ಟಾನೇ ಇರ್ಲಿ ಬಿಡು, ರಸ್. ನಿನ್ನ ಕೈಲಿ ಓಡಿಸೋಕಾಗಲ್ಲ ಅನ್ನೋ ನೆಮ್ಮದಿ ಈ ಕಾರಿಗೆ ಒಂದು ದಿನ ಆದ್ರೂ ಸಿಗ್ಲಿ!"